ಕಂಡವರ ಪಾಲು

ಆರನೇ ವಯಸ್ಸಿಗೆ ಸಿಡುಬು ಬಂದು ನನ್ನ ಎರಡೂ ಕಣ್ಣು ಹೋದಾಗ ಊರಿನ ನಾಲ್ಕು ಜನ ದೊಡ್ಡವರು ಮನೆಗೆ ಬಂದು ನಮ್ಮಪ್ಪನಿಗೆ ಸಂತೋಷ ಹೇಳಿ ಹೋದರಂತೆ. ನಮ್ಮ ಪಿಸ್ತೂಲಿನ ಅಂಗಡಿಯಲ್ಲಿ ಅಪ್ಪನ ನಂತರ ಕೂರಲು ಇನ್ನೊಬ್ಬ ಕುರುಡ ಸಿಕ್ಕ ಅನ್ನುವುದು ಅವರ ಸಂತೋಷ. ಅವ್ವ ಒಳಗೆ ಕೂತು ಅಳುತ್ತಿದ್ದಳು, ಅಪ್ಪ ಜಗಲಿಯಲ್ಲಿ ಬಂದವರಿಗೆ ಮಂಡಕ್ಕಿ ಕೊಡುತ್ತಿದ್ದ. ನನಗೆ ಬಹಳ ವರ್ಷ ಆ ಮಂಡಕ್ಕಿಯ ಮೇಲೆ ಸಿಟ್ಟಿತ್ತು. ಈಗ ಅರವತ್ತೆರಡಾಯಿತು, ಸಿಟ್ಟು ಇಳಿದಿದೆ, ಹಲ್ಲಿಲ್ಲದ್ದರಿಂದ ಮಂಡಕ್ಕಿಯೂ ನಿಂತಿದೆ.

ನಮ್ಮೂರಿನಲ್ಲಿ ಪಿಸ್ತೂಲು ಕಂಡವರ ಪಾಲು. ನಿಮ್ಮ ಸೊಂಟದಲ್ಲಿರುವುದು ಇನ್ನೊಬ್ಬರ ಕಣ್ಣಿಗೆ ಬಿತ್ತೋ, ಅದು ಅವರದು. ನಿಮ್ಮ ಕೈಯಲ್ಲಿ ಅದರ ಕುದುರೆ ಎಳೆದರೆ ಕಟ್ ಅನ್ನುತ್ತದೆ ಅಷ್ಟೆ, ಗುಂಡು ಹಾರುವುದಿಲ್ಲ. ತೆಪ್ಪಗೆ ತೆಗೆದು ಕೊಡಬೇಕು. ಕಳೆದುಕೊಂಡ ಮೇಲೆ ನೀವು ಕದ್ದು ನೋಡಿದರೂ, ಎದ್ದು ನೋಡಿದರೂ ಅದು ತಿರುಗಿ ಬರುವುದಿಲ್ಲ. ಪಡೆದವರು ತಾವಾಗಿ ಮನಸ್ಸು ಮಾಡಿ ‘ನೋಡು’ ಅಂತ ತೋರಿಸಿದರೆ, ಇಲ್ಲವೇ ಅವರ ಮೈಯಿಂದ ಜಾರಿ ನೆಲಕ್ಕೆ ಬಿದ್ದದ್ದನ್ನು ನೀವು ಕಂಡರೆ ಮಾತ್ರ ಬರುತ್ತದೆ. ಇನ್ನೊಂದು ಸಂಗತಿ, ನಿಮ್ಮದಾದದ್ದು ನಿಮ್ಮ ಮೈಮೇಲೇ ಇರಬೇಕು. ಗೂಟಕ್ಕೆ ನೇತುಹಾಕುವಂತಿಲ್ಲ, ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಕಣ್ಣಿದ್ದವನು ಈ ಅಂಗಡಿ ಇಟ್ಟರೆ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮಾಲೆಲ್ಲ ಅವನ ಸೊಂಟಕ್ಕೆ ಬೀಳುತ್ತದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮೂರಿನವನಲ್ಲ.

ಹೀಗಿರುವುದರಿಂದ ನಮ್ಮ ಜನರ ನಡವಳಿಕೆಯೇ ಬೇರೆ. ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಅಟ್ಟದ ಮೇಲಿನ ಡಬ್ಬ ಇಳಿಸಲು ಕೈ ಎತ್ತುವ ಮೊದಲು ಹಿಂದೆ ಮುಂದೆ ನೋಡುತ್ತಾರೆ. ಯಾರದಾದರೂ ಅಂಗಿ ಗಾಳಿಗೆ ಹಾರಿದರೆ ಸುತ್ತ ಇದ್ದವರೆಲ್ಲ ಪಟಕ್ಕನೆ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದು ನಮ್ಮ ಮರ್ಯಾದೆ. ಮಾತು ಕಲಿಯುವ ಮುಂಚೆಯೇ ಮಕ್ಕಳು ಅದನ್ನು ಕಲಿಯುತ್ತವೆ. ಮರ್ಯಾದೆಯ ಒಳಗೆ ಸ್ವಲ್ಪ ಸ್ವಾರ್ಥವೂ ಇದೆ ಅನ್ನಿ. ಕಂಡರೆ ಹೊರಬೇಕಲ್ಲ, ಒಬ್ಬರ ಭಾರವೇ ಒಬ್ಬರಿಗೆ ಸಾಕಾಗಿರುತ್ತದೆ. ನಮ್ಮೂರಿನಲ್ಲಿ ಇಷ್ಟು ಪಿಸ್ತೂಲಿದ್ದರೂ ಒಬ್ಬರಿಗೂ ಗುಂಡೇಟು ಬಿದ್ದಿಲ್ಲ. ಎದುರಿಗೆ ನಿಂತವನಿಗೆ ಗುರಿ ಹಿಡಿದ ಕೂಡಲೇ ಅದು ಅವನದಾಗಿಬಿಡುತ್ತದೆ, ಏನು ಮಾಡುತ್ತೀರಿ? ಹಾಗಾದರೆ ಇಟ್ಟುಕೊಳ್ಳುವುದು ಯಾಕೆ ಅಂತ ಕೇಳಬಹುದು. ಸೊಂಟ ಖಾಲಿ ಇದ್ದವರು ನಮ್ಮಲ್ಲಿ ಬಾಗಿಲಿಗೆ ಬೀಗ ಹಾಕುವಂತಿಲ್ಲ. ಬಾಡಿಗೆಗೆ ಕೋಣೆ ಕೊಡುವವರು ಮೊದಲು ನನ್ನ ಹತ್ತಿರ ಬಂದು ‘ಅವರ ಸೊಂಟ ತುಂಬೈತಾ’ ಅಂತ ಕೇಳುತ್ತಾರೆ. ಮನುಷ್ಯರು ಕೂರುವ, ಏಳುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ನಾನು ಹೂಂ ಅಂದರೆ ಕೀಲಿಕೈ ಕೊಡುತ್ತಾರೆ.

ನಮ್ಮ ಅಂಗಡಿಯಲ್ಲಿ ವ್ಯಾಪಾರ ನಡೆಯುವುದು ದನದ ಸಂತೆಯ ಹಾಗೆ, ಟವೆಲ್ಲಿನ ಕೆಳಗೆ. ಗಿರಾಕಿ ಬಂದು ಎದುರಿಗೆ ಕೂತು ಕೈ ಒಳಗೆ ಹಾಕಬೇಕು. ನನ್ನ ಅಂಗೈಗೆ ಒಂದು ಬೆರಳು ಒತ್ತಿದರೆ ತೀರ ಸಣ್ಣದು, ಎರಡು ಬೆರಳೆಂದರೆ ಮಧ್ಯಮ, ಇಡೀ ಅಂಗೈ ಇಟ್ಟರೆ ದೊಡ್ಡದು. ಆಮೇಲೆ ನಾನು ಒಂದೊಂದಾಗಿ ಟವೆಲ್ಲಿನ ಒಳಗೆ ಸರಿಸುತ್ತೇನೆ, ಅವರು ಹಿಡಿದು ನೋಡುತ್ತಾರೆ. ಹೊಸಬರು ನಳಿಗೆ ಗಿಡ್ಡ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಹಿಡಿದುಕೊಡುವುದು ನಳಿಗೆಯಲ್ಲ, ಹಿಡಿ. ನಳಿಗೆ ಸೊಂಟದೊಳಗೆ ಇಳಿದು ತನ್ನ ಪಾಡಿಗೆ ಇರುತ್ತದೆ. ಹಿಡಿ ಮಾತ್ರ ಬಟ್ಟೆಯನ್ನು ಒಳಗಿನಿಂದ ತಿವಿದು ನಾನಿಲ್ಲಿದ್ದೇನೆ ಅನ್ನುತ್ತದೆ. ಅದಕ್ಕೆ ಹಿಡಿ ಮೋಟಾಗಿರಬೇಕು, ಮೈ ಚಪ್ಪಟೆ ಇರಬೇಕು, ಅಂಚುಗಳು ನುಣ್ಣಗಿರಬೇಕು, ಹಿಂದಿನ ಕೊಕ್ಕೆ ಸೆರಗಿಗೋ ಅಂಗಿಗೋ ಸಿಕ್ಕಿಕೊಳ್ಳಬಾರದು. ತೀರ ಸಣ್ಣದೂ ಒಳ್ಳೆಯದಲ್ಲ, ಕಿರುಬೆರಳಿಗೆ ಜಾಗವಿಲ್ಲದೆ ಕೈ ಜಾರುತ್ತದೆ. ಆರಿಸಿದ ಮೇಲೆ ಕಟ್ಟಿಕೊಂಡು ಕೂರಬೇಕು, ಏಳಬೇಕು, ಬಗ್ಗಿ ಕೆಳಗೆ ಬಿದ್ದ ಸೂಜಿ ಎತ್ತಿಕೊಳ್ಳಬೇಕು. ನಾನು ಕಿವಿಗೊಟ್ಟು ಕೇಳುತ್ತಿರುತ್ತೇನೆ. ಬಟ್ಟೆ ಸುಮ್ಮನಿದ್ದರೆ ಸರಿ, ಉಸ್ ಅಂದರೆ ಬೇರೆಯದು ಕೊಡುತ್ತೇನೆ.

ಸರ್ವಮಂಗಳ ಪಿಸ್ತೂಲು ಕೊಳ್ಳಲು ನನ್ನ ಅಂಗಡಿಗೆ ಮೂರು ಸಲ ಬಂದಿದ್ದಾಳೆ. ಆಕೆ ಊರಿನವರ ಅಂಗಿ, ರವಿಕೆ, ಲಂಗಗಳಿಗೆ ಒಳಜೇಬು ಹೊಲಿದುಕೊಡುವವಳು. ಆಕೆಯ ಹೊಲಿಗೆ ಎಷ್ಟು ಚೊಕ್ಕವೆಂದರೆ ಜೇಬಿನ ಬಾಯಿ ನನ್ನ ಬೆರಳಿಗೂ ಸಿಗುವುದಿಲ್ಲ. ಆಕೆಯ ಗಂಡ ಮುರುಗೇಂದ್ರಪ್ಪ. ಈ ಮನುಷ್ಯನ ಬಗ್ಗೆ ಸಮಾಧಾನದಿಂದ ಹೇಳಬೇಕೆಂದು ನಾನೇ ನನಗೆ ಹೇಳಿಕೊಂಡಿದ್ದೇನೆ, ನೋಡೋಣ. ಮಾತು ಬೆಲ್ಲ. ಎದುರು ಸಿಕ್ಕರೆ ‘ಆರಾಮಾ ಕರಿಬಸಣ್ಣ’ ಅಂತ ನಿಂತು ಕೇಳುತ್ತಾನೆ. ಆದರೆ ಕಣ್ಣು ಮುಚ್ಚುವುದನ್ನು ಆತ ಕಲಿತೇ ಇಲ್ಲ. ಏಣಿ ಹತ್ತುವವರ ಕೆಳಗೆ ನಿಲ್ಲುತ್ತಾನೆ, ಬಾವಿಯಿಂದ ಕೊಡ ಎತ್ತುವವರ ಪಕ್ಕ ನಿಲ್ಲುತ್ತಾನೆ, ಕ್ಷೌರದಂಗಡಿಯ ಕನ್ನಡಿಗೆ ಎದುರಾಗಿ ದಿನವೆಲ್ಲ ಪೇಪರು ಓದುತ್ತಾನೆ. ರುದ್ರಮುನಿ ಮೇಷ್ಟ್ರು ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದಾಗ ಕಿಟಕಿಯ ಹೊರಗೆ ಇವನಿದ್ದ. ಮೇಷ್ಟ್ರು ಅವತ್ತಿನಿಂದ ತಾವು ಬೀಗ ಹಾಕುವಂತಿಲ್ಲದೆ ಹೆಂಡತಿಯ ಸೊಂಟದ ಆಸರೆಯಲ್ಲಿ ಬದುಕುತ್ತಿದ್ದರು. ಮತ್ತೊಂದು ಕೊಳ್ಳಿ ಅಂದರೆ ‘ಬೇಡ ಬಿಡ್ರಿ, ಅದೂ ಅವನಿಗೇ’ ಅನ್ನುತ್ತಿದ್ದರು.

ಹೀಗೆ ಗಳಿಸಿದ್ದೆಲ್ಲ ಮೈಮೇಲೇ ಇರಬೇಕಲ್ಲ, ಅದಕ್ಕೆ ಹೆಂಡತಿಯ ಕೈಲೇ ದಪ್ಪ ಖಾದಿಯ ಒಂದು ಒಳಕುಪ್ಪಸ ಹೊಲಿಸಿಕೊಂಡಿದ್ದ. ಹೊಸದೊಂದು ಸಿಕ್ಕಾಗಲೆಲ್ಲ ಹೊಸ ಜೇಬು. ಆಕೆ ಹೊಲಿಯುವಷ್ಟು ಹೊತ್ತು ತಾನು ಒಳಕೋಣೆಯಲ್ಲಿ ಮಾಲನ್ನೆಲ್ಲ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಮಲಗುವಾಗಲೂ ಕುಪ್ಪಸ ಬಿಚ್ಚುತ್ತಿರಲಿಲ್ಲ. ಆತ ನಮ್ಮ ಅಂಗಡಿ ಮುಂದೆ ಹಾದುಹೋದರೆ ಪಾತ್ರೆಯವನ ಗಾಡಿ ಹೋದಂತೆ ಕೇಳುತ್ತಿತ್ತು.

ಹೆಂಡತಿಯನ್ನೂ ಆತ ಬಿಟ್ಟಿರಲಿಲ್ಲ. ಆಕೆ ಮದುವೆಯಾಗಿ ಬಂದಾಗ ಸೊಂಟದಲ್ಲಿ ಅವರವ್ವ ಕೊಟ್ಟ ಒಂದು ಪುಟ್ಟ ಪಿಸ್ತೂಲಿತ್ತು. ಹಿಡಿಗೆ ಸಣ್ಣದೊಂದು ಹಿತ್ತಾಳೆ ಉಂಗುರ, ನಮ್ಮಪ್ಪನ ಕಾಲದ ಮಾಲು. ಮೂರನೇ ದಿನ ಆಕೆ ಒರಳಿಗೆ ಬಗ್ಗಿದಾಗ ಆತ ಬಾಗಿಲಲ್ಲಿ ನಿಂತಿದ್ದ. ಕೈ ಚಾಚಿದ, ಆಕೆ ಕೊಟ್ಟಳು. ಆಮೇಲೆ ಆಕೆ ನನ್ನ ಹತ್ತಿರ ಬಂದು ಇನ್ನೊಂದು ಕೊಂಡಳು, ಅದನ್ನು ಆತ ನೀರಿನ ಹಂಡೆಯಲ್ಲಿ ಬಿದ್ದ ನೆರಳಲ್ಲಿ ಕಂಡ. ಕೆಲವು ವರ್ಷ ಸುಮ್ಮನಿದ್ದು ಮತ್ತೊಂದು ಕೊಂಡಳು. ತೀರ ಚಪ್ಪಟೆಯದು, ತೀರ ನುಣ್ಣನೆಯದು, ನಾನೇ ಮೂರು ದಿನ ಹುಡುಕಿ ಆರಿಸಿಕೊಟ್ಟದ್ದು. ಅದು ನಾಲ್ಕು ತಿಂಗಳು ಬಾಳಿತು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಕಸುಬಿನವನಿಗೆ ತನ್ನ ಕೆಲಸ ಸೋತಾಗ ಆಗುವ ನೋವು ಬೇರೆಯೇ.

ಮೂರನೆಯ ಸಲ ಆಕೆ ಬಂದದ್ದು ಒಂದು ಮಧ್ಯಾಹ್ನ. ಅವ್ವ ಕೊಟ್ಟದ್ದೂ ಸೇರಿದರೆ ಅದು ನಾಲ್ಕನೆಯ ಪಿಸ್ತೂಲು. ನಾನೇ ಕೇಳಿದೆ, ಎದುರು ಮನೆ ಕೊಟ್ರಮ್ಮನ ಮಹಡಿ ಕೋಣೆ ಖಾಲಿ ಇದೆಯಂತೆ, ನೀನು ಕೇಳಿದ್ದೆಯಂತೆ ಹೌದಾ ಅಂತ. ಹೌದು ಅಂದಳು. ಹೊಲಿಗೆ ಯಂತ್ರ ಇಡಲು ಕಿಟಕಿಯ ಹತ್ತಿರ ಜಾಗವಿದೆಯಂತೆ, ಬಾಗಿಲು ಗಟ್ಟಿ ಇದೆಯಂತೆ. ಸೊಂಟ ಖಾಲಿ ಇರುವವಳಿಗೆ ಕೊಟ್ರಮ್ಮ ಕೋಣೆ ಹೇಗೆ ಕೊಟ್ಟಾಳು? ಆತ ಹೊಡೆಯುತ್ತಾನಾ ಅಂತ ಮೆಲ್ಲಗೆ ಕೇಳಿದೆ.

“ಹೊಡೆಯಲ್ಲಣ್ಣ. ನೋಡ್ತಾರೆ. ಹನ್ನೊಂದು ವರ್ಷದಿಂದ ಆ ಕಣ್ಣು ನನ್ನ ಮೇಲಿಂದ ಎದ್ದಿಲ್ಲ. ಉಂಡರೆ ನೋಡ್ತಾರೆ, ಅತ್ತರೆ ನೋಡ್ತಾರೆ. ನನಗೆ ಒಂದು ಬಾಗಿಲು ಬೇಕು, ನಾನೇ ಒಳಗಿಂದ ಹಾಕ್ಕಳ್ಳೋ ಬಾಗಿಲು.”

ನಾನು ಟವೆಲ್ಲು ಹಾಸಿದೆ. ಈ ಸಲ ಏನಾದರೂ ಮಾಡಿ ಉಳಿಯುವಂಥದ್ದು ಕೊಡಬೇಕೆಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಹಿಂದಿನ ಕಪಾಟಿನಲ್ಲಿ ಒಂದಿತ್ತು, ಅಡಕೊತ್ತಿಗಿಂತ ಸಣ್ಣದು, ಬೆನ್ನಿನ ಕುಳಿಯಲ್ಲಿ ಕೂತರೆ ಕಟ್ಟಿಕೊಂಡವರಿಗೇ ಮರೆತುಹೋಗಬೇಕು. ಆಕೆಯ ಕೈ ಒಳಗೆ ಬಂತು. ಒಂದು ಬೆರಳಿಗೆ ಕಾಯುತ್ತಿದ್ದ ನನ್ನ ಅಂಗೈ ಮೇಲೆ ಆಕೆ ಇಡೀ ಅಂಗೈ ಇಟ್ಟಳು.

ತಪ್ಪಿರಬೇಕು ಅಂದುಕೊಂಡೆ. ಆಕೆ ಮತ್ತೆ ಒತ್ತಿದಳು, ಐದೂ ಬೆರಳು ಅಗಲಿಸಿ. ನನಗೆ ರೇಗಿತು. ದೊಡ್ಡದನ್ನು ನಮ್ಮೂರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಅಪ್ಪನ ಕಾಲದಿಂದ ಒಂದೇ ಒಂದು ಉಳಿದಿತ್ತು, ಒನಕೆಯಂಥ ನಳಿಗೆ, ಕೊಡಲಿಯ ಕಾವಿನಂಥ ಹಿಡಿ. ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಬಟ್ಟೆ ಸುತ್ತಿ ಅಡ್ಡ ಇಡುತ್ತಿದ್ದೆ. ಅದನ್ನು ಕಟ್ಟಿಕೊಂಡರೆ ಕೊಟ್ರಮ್ಮನ ಮನೆ ಹಾಗಿರಲಿ, ಈ ಬೀದಿಯ ತುದಿ ಮುಟ್ಟುವುದಿಲ್ಲ, ಸೀರೆಯಲ್ಲಿ ಗುಡಾರ ಎದ್ದಂತೆ ಇರುತ್ತದೆ, ನಿನ್ನ ಗಂಡ ಕೂತಲ್ಲಿಂದಲೇ ನೋಡುತ್ತಾನೆ, ನಲವತ್ತು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ ಕೇಳು ಅಂತ ಬುದ್ಧಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಆ ಕುಪ್ಪಸ ಹೊಲಿದೋಳು ನಾನೇ ಕಣಣ್ಣ,” ಅಂದಳು. “ಇನ್ನು ಬಟ್ಟೆ ತಡೆಯಲ್ಲ ಅಂತ ಹೋದ ಸಲನೇ ಅವರಿಗೆ ಹೇಳಿದೀನಿ. ಹೇಳಲಿಲ್ಲ ಅನ್ನೋ ಹಂಗಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಎದ್ದುಹೋಗಿ, ಬಾಗಿಲಿಗೆ ಅಡ್ಡ ಇಟ್ಟಿದ್ದನ್ನು ತಂದು ಟವೆಲ್ಲಿನ ಕೆಳಗೆ ಇಟ್ಟೆ. ಆಕೆ ಎರಡೂ ಕೈಯಿಂದ ಎತ್ತಿ ತೂಕ ನೋಡಿ, ಸಾಕು ಅಂದಳು. ಕೂತು ಎದ್ದು ಬಗ್ಗಿ ತೋರಿಸುವ ಶಾಸ್ತ್ರ ಬೇಡವೆಂದಳು. ಆಕೆ ಬಾಗಿಲು ದಾಟುವಾಗ ಬೀದಿಯಲ್ಲಿ ಇದ್ದವರೆಲ್ಲ ಪಟಪಟನೆ ಕಣ್ಣು ಮುಚ್ಚಿಕೊಂಡದ್ದು ನನಗೆ ಕೇಳಿಸಿತು. ನಮ್ಮೂರಿನವರು ಅಂಗೈಯನ್ನು ಮುಖಕ್ಕೆ ಹೊಡೆದುಕೊಂಡ ಹಾಗೇ ಮುಚ್ಚಿಕೊಳ್ಳುವುದು. ಆಕೆ ಹೋದ ಮೇಲೆ ಬಾಗಿಲು ಗಾಳಿಗೆ ದಢಾರನೆ ಬಡಿಯಿತು, ಇನ್ನು ಇಡಲು ಒಂದು ಕಲ್ಲು ಹುಡುಕಬೇಕು ಅಂದುಕೊಂಡೆ.

ಮುರುಗೇಂದ್ರಪ್ಪ ಅದನ್ನು ಅವತ್ತೇ ಕಂಡ. ನಗುತ್ತ ಕೈ ಚಾಚಿದನಂತೆ. ಇಂಥದ್ದನ್ನು ಕೊಂಡೆಯಲ್ಲ, ನಿನಗೆ ತಲೆ ನೆಟ್ಟಗಿದೆಯಾ ಅಂತಲೂ ಕೇಳಿದನಂತೆ. ಆದರೆ ಬೇಡ ಅನ್ನಲಿಲ್ಲ, ಅನ್ನುವಂತೆಯೂ ಇರಲಿಲ್ಲ. ಕುಪ್ಪಸಕ್ಕೆ ಇನ್ನೊಂದು ಜೇಬು ಬೇಕಾಯಿತು. ಆಕೆ ಮತ್ತೆ ಹೇಳಿದಳಂತೆ, ಬಟ್ಟೆ ಹಳೆಯದು, ತಡೆಯಲ್ಲ. ಹೊಲಿ ಅಂದ. ಹೊಲಿದಳು. ಕುಪ್ಪಸದ ವಿಷಯ ಆಕೆ ನನಗೆ ಆಮೇಲೆ ಆಣೆ ಮಾಡಿ ಹೇಳಿದ್ದಾಳೆ: ಒಂದು ಎಳೆಯನ್ನೂ ಸಡಿಲ ಬಿಡಲಿಲ್ಲ, ಎರಡೆರಡು ಸಲ ಗಟ್ಟಿ ಹಾಕಿದಳು. ನಾನು ನಂಬುತ್ತೇನೆ. ಕಸುಬಿನವರು ಕಸುಬಿಗೆ ಮೋಸ ಮಾಡುವುದಿಲ್ಲ. ಅತಿಯಾಸೆ ಗತಿಗೇಡು ಅಂತ ಗೊತ್ತಿದ್ದವರಿಗೆ ಬೇರೆ ಮೋಸ ಬೇಕಾಗಿಯೂ ಇಲ್ಲ.

ಒಂಬತ್ತನೇ ದಿನ ಕಾಂಪೌಂಡರ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ಊರಿನ ಅರ್ಧ ಜನ ಅಲ್ಲಿದ್ದರು. ನನ್ನನ್ನು ಗಂಡಸರ ಪಂಕ್ತಿಯ ಮೊದಲಿಗೆ ಕೂರಿಸಿದ್ದರು, ನನ್ನ ಎದುರು ಸಾಲಿನಲ್ಲಿ ಮುರುಗೇಂದ್ರಪ್ಪ. ಆತ ಕೂತ ಸದ್ದಿಗೇ ಪಕ್ಕದವರು ಕೆಮ್ಮಿದರು. ಹೆಂಗಸರು ಬಡಿಸುತ್ತಿದ್ದರು. ಹೋಳಿಗೆ ಹಿಡಿದು ಸಾಲಿನಲ್ಲಿ ಬರುತ್ತಿದ್ದವಳು ಸರ್ವಮಂಗಳ, ಬಳೆಯ ಸದ್ದಿನಲ್ಲಿ ಗುರುತು ಹಿಡಿದೆ. ಗಂಡನ ಎಲೆಯ ಮುಂದೆ ನಿಂತು ಇನ್ನೊಂದು ಹಾಕಲಾ ಅಂದಳು. ಹಾಕು ಅಂದ. ಇನ್ನೊಂದು ಅಂದಳು. ಹಾಕು ಅಂದ. ಬೇಡ ಅನ್ನುವ ಮಾತು ಆ ಬಾಯಿಗೆ ಬಂದದ್ದೇ ಇಲ್ಲವೇನೋ. ಐದು ಹೋಳಿಗೆ ಉಂಡು, ತುಪ್ಪ ಸುರಿದುಕೊಂಡು, ಮಜ್ಜಿಗೆ ಕುಡಿದು, ಕೈ ತೊಳೆಯಲು ಏಳಬೇಕೆಂದು ಎಡಗೈ ನೆಲಕ್ಕೂರಿ ಮೇಲೆದ್ದ.

ಮೊದಲು ಪರ್ ಅಂತ ಒಂದು ಸದ್ದು. ಹೊಲಿಗೆ ಬಿಟ್ಟ ಸದ್ದಲ್ಲ ಅದು, ಬಟ್ಟೆಯೇ ಹರಿದ ಸದ್ದು. ಆಮೇಲೆ ದೊಡ್ಡದು ಬಿತ್ತು, ನೆಲ ನಡುಗಿತು. ಅದರ ಹಿಂದೆಯೇ ಉಳಿದವು, ಠಣ್ ಠಣ್ ಅಂತ ಎಲೆಗಳ ಮೇಲೆ, ಲೋಟಗಳ ಮೇಲೆ, ಸಾಂಬಾರಿನ ಬಕೆಟ್ಟಿನ ಮೇಲೆ. ಒಂದು ಜಾರಿಕೊಂಡು ಬಂದು ನನ್ನ ಮೊಳಕಾಲಿಗೆ ತಾಗಿ ನಿಂತಿತು. ಅದೇ ಉಸಿರಿನಲ್ಲಿ ಇಡೀ ಪಂಕ್ತಿ ಪಟಪಟನೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿತು. ನೂರು ಜನ, ತಮ್ಮದು ಅಲ್ಲೇ ಬಿದ್ದಿದ್ದರೂ ಮುಚ್ಚಿಕೊಂಡರು. ರುದ್ರಮುನಿ ಮೇಷ್ಟ್ರು ಅನ್ನ ಮೆತ್ತಿದ ಕೈಯಿಂದಲೇ ಮುಚ್ಚಿಕೊಂಡು ಮೂಗಿಗೆಲ್ಲ ಅನ್ನ ಮಾಡಿಕೊಂಡರಂತೆ. ಅಡಿಗೆಯವರು ಸೌಟು ಬಿಟ್ಟು ಮುಚ್ಚಿಕೊಂಡರು. ತೊಟ್ಟಿಲ ಹತ್ತಿರ ಇದ್ದ ಅಜ್ಜಿ ತನ್ನ ಕಣ್ಣನ್ನು ಒಂದು ಕೈಯಿಂದ, ಕೂಸಿನ ಕಣ್ಣನ್ನು ಇನ್ನೊಂದು ಕೈಯಿಂದ ಮುಚ್ಚಿದಳು. ನಾನು ಸುಮ್ಮನೆ ಕೂತಿದ್ದೆ, ನನಗೆ ಮುಚ್ಚುವ ಕೆಲಸವಿಲ್ಲ.

ಬಳೆಯ ಸದ್ದಾಗಲಿಲ್ಲ. ಇಡೀ ಚಪ್ಪರದಲ್ಲಿ ಕೈ ಎತ್ತದೆ ನಿಂತಿದ್ದವಳು ಆಕೆಯೊಬ್ಬಳೇ. ಹೋಳಿಗೆಯ ತಟ್ಟೆ ಕೆಳಗಿಟ್ಟು, ನಿಧಾನವಾಗಿ, ಬಿದ್ದ ಒಂದೊಂದರ ಹತ್ತಿರವೂ ಹೋಗಿ ನಿಂತು ನೋಡಿದಳು. ಅವಸರ ಮಾಡಲಿಲ್ಲ. ನನ್ನ ಮೊಳಕಾಲಿನ ಹತ್ತಿರವೂ ಬಂದು ಬಗ್ಗಿ ನೋಡಿದಳು. ಆತ “ಏಯ್, ಕಣ್ಣು ಮುಚ್ಚೇ” ಅಂದ. ಆ ಮಾತು ಆತನ ಬಾಯಲ್ಲಿ ಕೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

“ನಿಮ್ಮ ಜೊತೆ ಹನ್ನೊಂದು ವರ್ಷ ಬಾಳಿದೀನಿ,” ಅಂದಳು. “ಮುಚ್ಚೋದು ಮರೆತು ಹೋಗೈತೆ.”

ಆಮೇಲೆ ಎಲ್ಲವನ್ನೂ ಮಡಿಲಿಗೆ ತುಂಬಿಕೊಂಡು ಮೇಲೆ ಸೆರಗು ಮುಚ್ಚಿ, ಇನ್ನು ಕಣ್ಣು ಬಿಡ್ರಿ ಅಂದಳು. ಊಟ ಮುಂದುವರಿಯಿತು. ಮಗುವಿಗೆ ಏನು ಹೆಸರಿಟ್ಟರು ಅಂತ ಯಾರಿಗೂ ನೆನಪಿಲ್ಲ, ಕಾಂಪೌಂಡರ ಹೆಂಡತಿಗೆ ಇವತ್ತಿಗೂ ಅದೊಂದು ಬೇಜಾರು.

ಆ ಭಾರ ಹೊತ್ತು ಆಕೆ ನೆಟ್ಟಗೆ ನನ್ನ ಅಂಗಡಿಗೆ ಬಂದಳು. ಯಾವುದು ಯಾರದು ಅಂತ ಆಕೆಗೆ ಗೊತ್ತಿರಲಿಲ್ಲ. ನನ್ನ ಕೈಗೆ ಗೊತ್ತಿತ್ತು. ಪ್ರತಿಯೊಂದೂ ಒಮ್ಮೆ ಈ ಟವೆಲ್ಲಿನ ಕೆಳಗೆ ಕೂತು ಎದ್ದದ್ದೇ. ಹಿಡಿಯಲ್ಲಿ ಕಚ್ಚು ಇರುವುದು ಮೇಷ್ಟ್ರದು, ಅಂಚು ಸವೆದದ್ದು ಬಳೆಗಾರ್ತಿ ಗಂಗಕ್ಕನದು ಅಂತ ನಾನು ಹೇಳುತ್ತ ಹೋದೆ, ಆಕೆ ಹೇಳಿ ಕಳಿಸಿದಳು. ಒಬ್ಬೊಬ್ಬರೇ ಬಂದು ಎದುರಿಗೆ ಕೂತರು. ಆಕೆ ಟವೆಲ್ಲಿನ ಮೂಲೆ ಎತ್ತಿ “ನೋಡ್ರಿ” ಅನ್ನುತ್ತಿದ್ದಳು. ಬಂದವರು ನೋಡಲು ನಾಚುತ್ತಿದ್ದರು. ಕೈ ಕಣ್ಣಿಗೆ ಹೋಗುತ್ತಿತ್ತು, ಇಳಿಸಬೇಕಾಗುತ್ತಿತ್ತು. ಮೇಷ್ಟ್ರು ನೋಡಿದವರೇ ಅತ್ತರು. ಗಂಡಸರು ಅತ್ತರೆ ಮೂಗಿನಲ್ಲಿ ಒಂದು ಸದ್ದು ಬರುತ್ತದೆ, ನಾನು ಎದ್ದುಹೋಗಿ ಕಪಾಟು ಒರೆಸುವ ಹಾಗೆ ಮಾಡಿದೆ.

ಮೂರು ದಿನಕ್ಕೆ ಎರಡೇ ಉಳಿದವು, ಆಕೆಯ ಅವ್ವ ಕೊಟ್ಟ ಪುಟ್ಟದು ಮತ್ತು ಆ ದೊಡ್ಡದು. ಆಕೆಯವೇ ಆದ ಮಿಕ್ಕ ಎರಡು ಸಣ್ಣವನ್ನು ಸೊಂಟ ಖಾಲಿ ಇದ್ದ ಇಬ್ಬರು ಹೆಂಗಸರಿಗೆ ತೋರಿಸಿ ಕೊಟ್ಟುಬಿಟ್ಟಿದ್ದಳು. ನಾಲ್ಕನೇ ದಿನ ಮುರುಗೇಂದ್ರಪ್ಪ ಬಂದ. ಸದ್ದೇ ಇಲ್ಲದೆ ಬಂದದ್ದರಿಂದ ಮೊದಲು ನನಗೆ ಯಾರೆಂದು ತಿಳಿಯಲಿಲ್ಲ. ಮನೆಗೆ ಬೀಗ ಹಾಕುವಂತಿಲ್ಲ, ಬರುವವರು ಹೋಗುವವರು ಎಲ್ಲ ಬಾಗಿಲಲ್ಲಿ ಇಣುಕುತ್ತಾರೆ, ಮೈಮೇಲೆ ಹುಳ ಹರಿದಂತಾಗುತ್ತದೆ, ಒಂದು ಸಣ್ಣದು ಕೊಡು ಕರಿಬಸಣ್ಣ ಅಂದ. ಮಾಡಿದ್ದುಣ್ಣೋ ಮಹರಾಯ ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ, ಹೆಸರಿಡುವ ದಿನದಿಂದ ಗಂಡನ ಮನೆಗೆ ಹೋಗದೆ ನಮ್ಮಲ್ಲೇ ಒಳಗೆ ಹೊಲಿಯುತ್ತ ಕೂತಿದ್ದ ಸರ್ವಮಂಗಳ ಎದ್ದು ಬಂದಳು. ಟವೆಲ್ಲು ಹಾಸಿ, ದೊಡ್ಡದನ್ನು ಅದರ ಕೆಳಗಿಟ್ಟು, ಮೂಲೆ ಎತ್ತಿದಳು.

“ನೋಡ್ರಿ,” ಅಂದಳು.

ಆತ ನೋಡಿದ. ನೋಡದೆ ಇರುವುದು ಆತನಿಗೆ ಬಾರದ ವಿದ್ಯೆ. ಅದು ಆತನದಾಯಿತು. ಅದನ್ನು ಎಲ್ಲಿ ಸಿಕ್ಕಿಸಿಕೊಂಡನೋ ಕಾಣೆ, ಆತ ಬೀದಿಗೆ ಇಳಿದಾಗ ಈ ತುದಿಯಿಂದ ಆ ತುದಿಯವರೆಗೂ ಪಟಪಟ ಸದ್ದು ಕೇಳುತ್ತಲೇ ಹೋಯಿತು. ಈಗಲೂ ಆತ ಬರುತ್ತಿದ್ದಾನೆ ಅಂತ ನನಗೆ ಗೊತ್ತಾಗುವುದು ಆ ಸದ್ದಿನಿಂದಲೇ. ಊರಿನವರೆಲ್ಲ ಆತನಿಗೆ ಮರ್ಯಾದೆ ಕೊಡುತ್ತಾರೆ, ಆತನ ಮುಖವನ್ನೂ ಯಾರೂ ನೋಡುವುದಿಲ್ಲ. ಒಮ್ಮೊಮ್ಮೆ ಪಾಪ ಅನ್ನಿಸುತ್ತದೆ, ಆದರೆ ಬಹಳ ಹೊತ್ತಲ್ಲ.

ಅವತ್ತೇ ಸಂಜೆಗೆ ಮುಂಚೆ ಕೊಟ್ರಮ್ಮ ಬಂದು, ಈಕೆಯ ಸೊಂಟ ತುಂಬೈತಾ ಅಂತ ಕೇಳಿದಳು. ಶಾಸ್ತ್ರ ಶಾಸ್ತ್ರವೇ ನೋಡಿ, ಹೆಸರಿಡುವ ಮನೆಯಲ್ಲಿ ಆಕೆಯೂ ಕೂತು ಹೋಳಿಗೆ ತಿಂದವಳೇ. ನಾನು ಸರ್ವಮಂಗಳಗೆ ಕೂರಲು ಹೇಳಿದೆ, ಏಳಲು ಹೇಳಿದೆ, ಸೂಜಿ ಎತ್ತಲು ಹೇಳಿದೆ. ಬಟ್ಟೆ ಉಸ್ ಅನ್ನಲಿಲ್ಲ. ತುಂಬ ಒಳಗಿನಿಂದ, ನನಗೊಬ್ಬನಿಗೇ ಕೇಳುವಷ್ಟು, ಹಿತ್ತಾಳೆಯ ಉಂಗುರ ಟಿಣ್ ಅಂದಿತು. ನಮ್ಮಪ್ಪ ಆರಿಸಿಕೊಟ್ಟ ಮಾಲು. ಕಸುಬು ಅಂದರೆ ಅದು.

ತುಂಬೈತೆ ಅಂದೆ. ಕೊಟ್ರಮ್ಮ ಕೀಲಿಕೈ ತೆಗೆದು ಕೊಟ್ಟಳು.

ಆಕೆ ಯಂತ್ರ ಸಾಗಿಸಿಕೊಂಡು ಎದುರಿನ ಮಹಡಿಗೆ ಹೋದಳು. ನಾನು ಅಂಗಡಿಯ ಬಾಗಿಲಿಗೆ ಹೊಸ ಕಲ್ಲು ಅಡ್ಡ ಇಟ್ಟು ಮೆಟ್ಟಿಲ ಮೇಲೆ ಕೂತೆ. ಮೇಲೆ ಏನೋ ಎಳೆದ ಸದ್ದು, ಕಿಟಕಿ ತೆಗೆದ ಸದ್ದು, ಬಾಗಿಲು ಹಾಕಿದ ಸದ್ದು. ಆಮೇಲೆ ಬೀಗ ಬಿತ್ತು, ಒಳಗಿನಿಂದ. ತೆಗೆದಳು. ಮತ್ತೆ ಹಾಕಿದಳು. ಹೀಗೆ ಬಹಳ ಹೊತ್ತು ತೆಗೆಯುತ್ತ, ಹಾಕುತ್ತ ಇದ್ದಳು, ನಾನು ಎದ್ದು ಒಳಗೆ ಹೋಗದೆ ಅಷ್ಟನ್ನೂ ಕೇಳಿದೆ.